ಬಾಗಿಲಿಲ್ಲದ ಬಾಲ್ಕನಿ

ಅಥವಾ ನಾನು ಆ ಬಾಲ್ಕನಿಯ ಮೇಲೆ ನಿಂತದ್ದೇ ಸುಳ್ಳಿರಬಹುದು. ಅಂಗಾಲಿಗೆ ಸಿಮೆಂಟು ಚುರುಗುಟ್ಟಿದ್ದು, ಕೆಳಗೆ ಹತ್ತಿಯ ಗಾಡಿಗಳು ಸಾಲಾಗಿ ಹೋದದ್ದು ಎರಡೂ ಚೆನ್ನಾಗಿ ನೆನಪಿವೆ. ತೊಂದರೆ ಒಂದೇ: ರೋಣದ ನಮ್ಮ ಮನೆಯ ಆ ಬಾಲ್ಕನಿಗೆ ಬಾಗಿಲಿಲ್ಲ. ಹಿಂದೆಯೂ ಇರಲಿಲ್ಲ. ಬಾಗಿಲಿಲ್ಲದ ಜಾಗಕ್ಕೆ ಹೋಗಿಬಂದ ನೆನಪನ್ನು ನಂಬುವುದು ಹೇಗೆ?

ಎರಡು ಮಹಾಯುದ್ಧಗಳ ನಡುವಿನ ವರ್ಷಗಳಲ್ಲಿ ಮುಂಬಯಿಯ ಸಮುದ್ರದ ದಂಡೆಗೆ ಹೊಸ ನಮೂನೆಯ ಮನೆಗಳು ಎದ್ದವು. ದುಂಡನೆಯ ಮೂಲೆಗಳು, ಮೈತುಂಬ ಅಡ್ಡ ಪಟ್ಟಿ, ಹಡಗಿನಲ್ಲಿದ್ದಂಥ ಗುಂಡು ಕಿಟಕಿ. ಕೆಲವು ವಾಸ್ತುಶಿಲ್ಪಿಗಳು, ಚಿತ್ರಕಾರ ಮೂಲೆಯಲ್ಲಿ ಸಹಿ ಹಾಕಿದ ಹಾಗೆ, ಬಾಗಿಲ ಪಕ್ಕದ ಕಲ್ಲಿನಲ್ಲಿ ತಮ್ಮ ಹೆಸರು ಕೆತ್ತಿಸುತ್ತಿದ್ದರು. ಹತ್ತಿಯ ವ್ಯಾಪಾರಕ್ಕೆಂದು ಹೋದ ನಮ್ಮಜ್ಜ ಅಂಥದೊಂದು ಮನೆಯ ಚಿತ್ರವಿದ್ದ ಕಾರ್ಡು ತಂದ. ಸಿಮೆಂಟು ರೈಲಿನಲ್ಲಿ ಹೊಳೆಆಲೂರಿಗೆ, ಅಲ್ಲಿಂದ ಚಕ್ಕಡಿಯಲ್ಲಿ ರೋಣಕ್ಕೆ ಬಂತು. ಹಿಂದಿನ ಹಳೆಯ ಮಣ್ಣಿನ ಮಾಳಿಗೆಯ ಮನೆಯನ್ನು ಹಾಗೇ ಬಿಟ್ಟು ಅದರ ಮುಂದೆ ಒಂದು ಹಡಗು ತಲೆಯೆತ್ತಿತು. ಸುತ್ತ ಕಣ್ಣು ಹಾಯುವವರೆಗೂ ಎರೆಹೊಲ.

ಕಟ್ಟಿದವರು ಯಾರು? ನಮ್ಮ ಮನೆಯಲ್ಲಿ ಇದಕ್ಕೆ ಎರಡು ಉತ್ತರಗಳಿದ್ದವು. ಯಾರಾದರೂ ಮನೆಯನ್ನು ಹೊಗಳಿದರೆ, ಮುಂಬಯಿಯ ಇಂಜಿನಿಯರ್. ಬಾಲ್ಕನಿಯ ಬಾಗಿಲೆಲ್ಲಿ ಎಂದು ಕೇಳಿದರೆ, ಗಜೇಂದ್ರಗಡದ ದಾವಲಸಾಬ ಮಿಸ್ತ್ರಿ.

ಕಳೆದ ವರ್ಷ ಧಾರವಾಡದಿಂದ ವಿದ್ಯಾರ್ಥಿನಿಯೊಬ್ಬಳು ಆ ಕಾಲದ ಕಟ್ಟಡಗಳ ಪಟ್ಟಿ ಮಾಡುತ್ತ ಬಂದಳು. ಅವಳ ಕಾಗದದಲ್ಲಿ ವಾಸ್ತುಶಿಲ್ಪಿಯ ಹೆಸರಿಗೊಂದು ಖಾಲಿ ಜಾಗ. ಸುದ್ದಿ ಹೇಗೋ ಗಜೇಂದ್ರಗಡ ಮುಟ್ಟಿ, ಮಿಸ್ತ್ರಿಯ ಮೊಮ್ಮಗ ಮಕ್ತುಂಸಾಬ ಬೆಳಗಿನ ಬಸ್ಸಿಗೇ ಬಂದಿಳಿದ. ಅವನೂ ಮನೆ ಕಟ್ಟುವ ಗೌಂಡಿ. ಸಾಕ್ಷಿಗೆಂದು ಅಜ್ಜ ಗಾರೆ ಮೆತ್ತುತ್ತಿದ್ದ ಸವೆದ ಕರಣೆಯೊಂದನ್ನು ಬಟ್ಟೆಯಲ್ಲಿ ಸುತ್ತಿ ತಂದಿದ್ದ. ಆ ಖಾಲಿ ಜಾಗದಲ್ಲಿ ಅಜ್ಜನ ಹೆಸರು ಬರಬೇಕು, ಬೇರೇನೂ ಬೇಡ.

ತೊಂಬತ್ತರ ಹತ್ತಿರದ ನನ್ನ ಸೋದರತ್ತೆ ಗಂಗತ್ತೆ ಒಪ್ಪಲಿಲ್ಲ.

"ಮುಂಬಯಿಂದ ಇಂಜಿನಿಯರ ಬಂದಿದ್ದ. ನಮ್ಮಪ್ಪಾ ಹೇಳ್ತಿದ್ದ."

"ಏನ್ ಹೆಸರ್ರಿ ಅವರದು?" ಎಂದು ಮಕ್ತುಂಸಾಬ ಕೇಳಿದ.

"ಹೆಸರ ಯಾರಿಗೆ ನೆನಪಿರ್ತದ? ಟೊಪಗಿ ಹಾಕ್ಕೊಂಡಿದ್ನಂತ."

"ಟೊಪಗಿ ನಮ್ಮ ಅಜ್ಜಾನೂ ಹಾಕ್ಕೋತಿದ್ದಾರಿ, ಅವ್ವಾರ."

ಅತ್ತೆಗೆ ಸಿಟ್ಟು ಬಂತು. "ನಿಮ್ಮಜ್ಜಾ ಬಾಗಲಾ ಮರ್ತಾಂವ! ಅಷ್ಟ ಬರಕೋವಾ, ತಂಗಿ."

"ಮರ್ತಾನ್ರಿ, ಖರೇನ," ಎಂದ ಮಕ್ತುಂಸಾಬ. "ಆದ್ರ ಕಟ್ಟಲಾರದಾಂವ ಹ್ಯಾಂಗ ಮರೀತಾನ್ರಿ?"

ಅತ್ತೆ ಒಳಗೆ ತಿರುಗಿ ಚಹಾಕ್ಕೆ ಕೂಗಿದಳು. ಚಹಾ ಬಂತು.

ಮಕ್ತುಂಸಾಬ ಹೇಳಿದಂತೆ, ಮಿಸ್ತ್ರಿಗೆ ಕಾಗದದ ನಕ್ಷೆಯ ಮೇಲೆ ನಂಬಿಕೆ ಇರಲಿಲ್ಲ. ಖಾಲಿ ಜಾಗದಲ್ಲಿ ಸುಣ್ಣದ ಪುಡಿಯಿಂದ ಇಡೀ ಮನೆಯನ್ನು ಬರೆದು, ಮನೆಯ ಹೆಂಗಸಿಗೆ ತುಂಬಿದ ಕೊಡ ಹೊರಿಸಿ ಅಡ್ಡಾಡಲು ಹೇಳುತ್ತಿದ್ದ. ಅವಳ ಕಾಲು ಗೆರೆ ಅಳಿಸಿದಲ್ಲಿ ಬಾಗಿಲು. ಆದರೆ ಬಾಲ್ಕನಿ ಗಾಳಿಯಲ್ಲಿತ್ತು. ಅಲ್ಲಿ ಯಾರನ್ನು ನಡೆಸುವುದು? ಮುಂಬಯಿಯ ಕಾರ್ಡಿನಲ್ಲಿ ಬಾಗಿಲು ನೆರಳಲ್ಲಿ ಮರೆಯಾಗಿತ್ತು.

ಗಂಗತ್ತೆ ಬಟ್ಟಲು ಕೆಳಗಿಟ್ಟಳು. "ಹೌದು. ನಮ್ಮವ್ವಾ ಕೊಡಾ ಹೊತ್ತು ಅಡ್ಡಾಡಿದ್ಲು. ನಾ ಸೀರಿ ಹಿಡಕೊಂಡು ಬೆನ್ನ ಹಿಂದ ಇದ್ದೆ. ದಾವಲಸಾಬ ಅಂತನ ಬರಕೋವಾ. ಬಾಗಲದ್ದೂ ಬರಿ, ಬಿಡಬ್ಯಾಡ."

ಮಕ್ತುಂಸಾಬ ಕರಣೆಯನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿದ. ನನ್ನ ಅಂದಾಜಿನಂತೆ ಆ ಹೊತ್ತಿಗೆ ಅತ್ತೆ ಇನ್ನೂ ತೊಟ್ಟಿಲಲ್ಲಿದ್ದಳು. ಆದರೆ ಬಾಗಿಲಿಲ್ಲದ ಬಾಲ್ಕನಿಯಲ್ಲಿ ನಿಂತು ಬಂದವನು ನಾನು. ಇನ್ನೊಬ್ಬರ ನೆನಪನ್ನು ತಿದ್ದುವ ಅಧಿಕಾರ ನನಗೆಲ್ಲಿಯದು? ಚಹಾ ಕುಡಿದು ಮುಗಿಸಿದೆ.

ಹೋಗುವ ಮುಂಚೆ ವಿದ್ಯಾರ್ಥಿನಿ ಹಿಂದಿನ ಮಾಳಿಗೆಯನ್ನೂ ನೋಡಿದಳು. ಹತ್ತೊಂಬತ್ತನೆಯ ಶತಮಾನದ ಐವತ್ತರ ದಶಕದಲ್ಲಿ, ಬ್ರಿಟಿಷರ ವಿರುದ್ಧ ಎದ್ದ ನರಗುಂದದ ಬಂಡಾಯದ ಗದ್ದಲಕ್ಕೆ ಹೆದರಿ ಬಂದ ನಮ್ಮ ಹಿರಿಯನೊಬ್ಬ ಕಟ್ಟಿಸಿದ್ದೆಂದು ಹೇಳುತ್ತಾರೆ.

"ಇದನ್ನ ಕಟ್ಟಿದವರು?"

ಅತ್ತೆ ನನ್ನನ್ನು ನೋಡಿದಳು, ನಾನು ಮಕ್ತುಂಸಾಬನನ್ನು ನೋಡಿದೆ. ಅದರ ಬಾಗಿಲುಗಳೆಲ್ಲ ಇರಬೇಕಾದಲ್ಲೇ ಇವೆ. ಮಾಳಿಗೆ ಸೋರಿದ್ದನ್ನು ನಾವ್ಯಾರೂ ಕಂಡಿಲ್ಲ. ಬೈಯುವುದಕ್ಕಾದರೂ ಕಟ್ಟಿದವನ ಹೆಸರನ್ನು ನೆನಪಿಟ್ಟುಕೊಳ್ಳುವ ಪ್ರಸಂಗ ಯಾರಿಗೂ ಬಂದಿಲ್ಲ. ಅವನು ಯಾರೋ, ನನಗೆ ಗೊತ್ತಿಲ್ಲ.