ಪಾಟಲಿಪುತ್ರದ ನ್ಯಾಯ, ಗುರುವಾರದ ಊಟ

ತತ್ತಿ ತಿಂದವನು ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಹೇಳಬೇಕಾದ ಹೊತ್ತಿನಲ್ಲಿ ಹೇಳಲಿಲ್ಲ. ಪುಣೆಯ ಕ್ಯಾಂಪಿನ ಇರಾಣಿ ಹೋಟೆಲಿನಲ್ಲಿ, ಜನಿವಾರವನ್ನು ಅಂಗಿಯೊಳಗೆ ಆಳಕ್ಕೆ ತುರುಕಿಕೊಂಡು, ಆಮ್ಲೆಟ್ಟು ಪಾವು ತಿಂದು, ಬೆರಳನ್ನು ಕರವಸ್ತ್ರಕ್ಕೆ ಒರೆಸಿಕೊಂಡವನು ನಾನು. ನನ್ನ ಖೋಲಿಯ ಜೊತೆಗಾರ ನನ್ನ ಪುಸ್ತಕಗಳನ್ನು ಹಿಡಿದುಕೊಂಡು ಹೊರಗೆ ರಸ್ತೆಯಲ್ಲಿ ನಿಂತಿದ್ದ. ಚಹಾಕ್ಕೆಂದು ಕರೆದರೂ ಒಳಗೆ ಬರಲಿಲ್ಲ.

ಬರದಿರಲು ಕಾರಣವಿತ್ತು. ಇಬ್ಬರೂ ಧಾರವಾಡದ ಕಡೆಯಿಂದ ಕಾಲೇಜಿಗೆಂದು ಬಂದವರೇ. ನಾನು ಅಪ್ಪನ ದುಡ್ಡಿನಲ್ಲಿ ಖಾನಾವಳಿಯಲ್ಲಿ ಉಣ್ಣುತ್ತಿದ್ದೆ. ಅವನು ವಾರದ ಹುಡುಗ. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು, ಹೀಗೆ ಬಡ ವಿದ್ಯಾರ್ಥಿಗೆ ದಿನಕ್ಕೊಂದು ಮನೆಯವರು ಊಟ ಹಾಕುವ ಪದ್ಧತಿ. ಇಂಥ ಹೋಟೆಲಿನಲ್ಲಿ ಕಂಡನೆಂದು ಯಾವುದಾದರೂ ಮನೆಯ ಬಾಗಿಲು ಮುಚ್ಚಿದರೆ ಆ ದಿನವಿಡೀ ಹೊಟ್ಟೆಗೆ ನಲ್ಲಿಯ ನೀರೇ ಗತಿ. ಅವನ ಗುರುವಾರದ ಮನೆ ನಾವು ಖೋಲಿ ಹಿಡಿದಿದ್ದ ವಾಡೆಯ ಎದುರಿಗೇ ಇತ್ತು. ಬೆಳಗಾವಿ ಕಡೆಯವರು. ಅಡಿಗೆಯೂ ಅಜ್ಜಿಯದೇ, ಕೊನೆಯ ಮಾತೂ ಅಜ್ಜಿಯದೇ.

ಆ ವರ್ಷದ ಗಣಪತಿ ಹಬ್ಬಕ್ಕೆ ನಾವು ಕನ್ನಡದ ಹುಡುಗರು ವಾಡೆಯ ಅಂಗಳದಲ್ಲಿ ಮೌರ್ಯರ ನ್ಯಾಯಸಭೆಯನ್ನೇ ಕೂಡಿಸಲು ಹೊರಟೆವು. ಬಿಳಿಯರು ಬಂದು ಕೋರ್ಟು ಕಲಿಸುವ ಮೊದಲೇ ನಮ್ಮ ಪಾಟಲಿಪುತ್ರದಲ್ಲಿ ಕೋರ್ಟು ಇತ್ತೆಂದು ಆಗ ಎಲ್ಲರ ಎದೆಯೂ ಉಬ್ಬಿತ್ತು. ನ್ಯಾಯಾಧೀಶನ ಪಾರ್ಟು ನನಗೆ. ಯಾರ ದನಿಯನ್ನಾದರೂ ತೆಗೆಯುವುದು ನನ್ನ ಚಟ. ನಮ್ಮ ಪ್ರೊಫೆಸರರು ಗಂಟಲು ಕೆರೆದುಕೊಳ್ಳುವುದು, ಎದುರುಮನೆಯ ಅಜ್ಜಿಯ ಕೆಮ್ಮು, ಬಾತುಕೋಳಿಗೂ ನಾಚಿಕೆ ತರುವ ನನ್ನದೇ ನಡಿಗೆ, ಯಾವುದನ್ನೂ ಬಿಟ್ಟವನಲ್ಲ.

ಸಂಸ್ಕೃತ ಬಲ್ಲ ಜೊತೆಗಾರ ಹಳೆಯ ಗ್ರಂಥಗಳಿಂದ ಕಾಯಿದೆಗಳನ್ನು ಹೆಕ್ಕಿ ತಂದ.

"ಸಾಕ್ಷಿ ಹೇಳಲಿಕ್ಕೆ ನಟ ನಡೆಯೂದಿಲ್ಲ ಅಂತದ. ಆದರ ಇದು ಸ್ಮೃತಿಯೊಳಗಿಂದು, ಮೌರ್ಯರದಲ್ಲ."

"ಮಂದಿ ನಗತಾರಿಲ್ಲೋ? ಹಾಕು."

"ಇದು ಖರೇನ ಮೌರ್ಯರದು. ನ್ಯಾಯದ ಕಟ್ಟೆಗೆ ಬಂದವರನ್ನ ಗದರಿಸಿ ಬಾಯಿ ಮುಚ್ಚಿಸಿದರ, ಮೊದಲ ನ್ಯಾಯಾಧೀಶಗ ದಂಡ."

"ಇದರಾಗ ನಗು ಎಲ್ಲೆದನೋ ಮಾರಾಯಾ? ತಗಿ."

ತೆಗೆದ.

ಆಟದ ದಿನ ಅವನದು ಆರೋಪಿಯ ಪಾರ್ಟು. ಆರೋಪ, ಅರಮನೆಯ ತುಪ್ಪ ಕದ್ದದ್ದು. ಸಾಕ್ಷಿಗೆ ಯಾರು ಸಲ್ಲರೆಂದು ನಾನು ಗಂಭೀರವಾಗಿ ಓದಿ, "ನಟ" ಎನ್ನುತ್ತಲೇ ಎದ್ದು ನನಗೆ ನಾನೇ ನಮಸ್ಕಾರ ಮಾಡಿಕೊಂಡಾಗ ಅಂಗಳವೆಲ್ಲ ನಕ್ಕಿತು. ಆಮೇಲೆ ತುಪ್ಪದ ವಿಚಾರಣೆ ಶುರುವಾಯಿತು, ಒಬ್ಬರೂ ನಗಲಿಲ್ಲ. ಹಿಂದೆ ಯಾರೋ ಆಕಳಿಸಿದ್ದು ನನಗೆ ಕೇಳಿಸಿತು. ಆ ಆಕಳಿಕೆಯನ್ನು ತಡೆದುಕೊಳ್ಳುವ ಶಕ್ತಿ ನನಗಿರಲಿಲ್ಲ. ಮೌರ್ಯರು ಸನ್ಯಾಸಿಯ ವೇಷದಲ್ಲಿ ಬೇಹುಗಾರರನ್ನು ಬಿಡುತ್ತಿದ್ದರಷ್ಟೆ. ಪೀಠದಲ್ಲಿ ಕೂತಲ್ಲೇ ಸನ್ಯಾಸಿಯ ದನಿ ತೆಗೆದೆ.

"ಮಹಾಪ್ರಭೂ, ತುಪ್ಪಾ ಹಾಳಾಗಿ ಹೋಗ್ಲಿ! ಈ ಆರೋಪಿ ಕ್ಯಾಂಪಿನ ಇರಾಣಿ ಹೋಟೆಲಿನಾಗ ತತ್ತಿ ತಿಂದಾನ!"

ಅಂಗಳ ಹೋ ಎಂದಿತು. ನನಗೆ ಇನ್ನೂ ಹುರುಪು ಬಂತು. ಜನಿವಾರ ತುರುಕಿಕೊಂಡದ್ದು, ಬೆರಳು ಒರೆಸಿಕೊಂಡದ್ದು, ಎಲ್ಲವನ್ನೂ ಮಾಡಿ ತೋರಿಸಿದೆ. ನನ್ನದೇ ಅನುಭವ, ಒಂದು ಎಳೆಯೂ ತಪ್ಪಲಿಲ್ಲ.

ಜೊತೆಗಾರನ ಮುಖ ಬಿಳಿಚಿಕೊಂಡಿತು. "ಅದು ನಾ ಅಲ್ಲ..." ಎಂದ.

"ಆರೋಪಿ ಸುಮ್ಮನಿರಬೇಕು!" ಪ್ರೊಫೆಸರರ ದನಿಯಲ್ಲಿ ಗದರಿಸಿದೆ. ನಗು. ಅವನು ಮತ್ತೆ ಬಾಯಿ ತೆರೆದ, ನಾನು ಮತ್ತೆ ಮುಚ್ಚಿಸಿದೆ. ಇನ್ನೂ ದೊಡ್ಡ ನಗು. ಹೆಂಗಸರ ಕಡೆಯಿಂದ ಅಜ್ಜಿ ಎದ್ದು ಹೋದದ್ದನ್ನು ನಾನು ನೋಡಿದೆ. ನಿದ್ದೆ ಬಂದಿರಬೇಕು ಅಂದುಕೊಂಡೆ.

ಗುರುವಾರ ಊಟಕ್ಕೆ ಹೋದವನು ಹೋದಷ್ಟೇ ಬೇಗ ತಿರುಗಿ ಬಂದ. "ಇನ್ನ ಮ್ಯಾಲೆ ಬರಬ್ಯಾಡ ಅಂದ್ರು" ಎಂದು ಹೇಳಿ, ತಂಬಿಗೆಯೆತ್ತಿ ನೀರು ಕುಡಿದು, ಪುಸ್ತಕ ತೆರೆದ. ಒಂದು ಬೈಗುಳವನ್ನಾದರೂ ಬೈದಿದ್ದರೆ ನಾನು ಅಲ್ಲೇ ಕೂತಿರುತ್ತಿದ್ದೆನೇನೋ. ಎದುರುಮನೆಗೆ ಓಡಿದೆ. ಅಜ್ಜಿ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು.

"ಅಜ್ಜೀ, ತತ್ತಿ ತಿಂದಾಂವ ನಾನ್ರಿ. ಅಂವ ಒಳಗ ಸುದ್ದಾ ಕಾಲಿಟ್ಟಿಲ್ರಿ."

"ಇದು ಯಾರ ದನೀಪಾ?"

"ನಂದರಿ."

"ನಿಂದು ಹ್ಯಾಂಗಿರ್ತದೋ, ನಾ ಕೇಳೇ ಇಲ್ಲ. ನನ್ನ ಕೆಮ್ಮ ತಗೀತಿ ಅಂತ, ಅದನ್ನ ಕೇಳೇನಿ." ಮತ್ತೆ ಮೊರದ ಕಡೆ ತಿರುಗಿದಳು. "ಗೆಳ್ಯಾನ ಸಲುವಾಗಿ ಛಂದ ಸೋಗ ಹಾಕಿದಿ. ನಟನ ಸಾಕ್ಷಿ ನಡೆಯೂದಿಲ್ಲಂತ ಅವತ್ತ ನೀನ ಓದಿದೆಲ್ಲಾ? ಹೋಗು."

ಆಣೆ ಮಾಡಿದೆ. ಅಳು ಬಂತು. ಅಳುವಾಗ ತುಟಿ ನಡುಗಿದ್ದು ನಾಟಕ ಕಂಪನಿಯ ಒಬ್ಬ ನಟನ ಹಾಗಿದೆಯೆಂದು ನನಗೇ ಅನ್ನಿಸಿತು. ಅಜ್ಜಿಗೆ ಅನ್ನಿಸದೆ ಇದ್ದೀತೆ? ಖರೆ ಹೇಳಲು ಹೋದ ಒಂದೇ ಒಂದು ದಿನ ನನ್ನ ಬಳಿ ನನ್ನದೆಂಬ ಮುಖ ಇರಲಿಲ್ಲ.

ಬೇರೆ ಗುರುವಾರದ ಮನೆ ಸಿಗಲಿಲ್ಲ. ದೂರದ ಪೇಟೆಗಳ ಉಳಿದ ಮನೆಗಳು ಹೇಗೋ ಉಳಿದವು, ಆದರೆ ನಮ್ಮ ಪೇಟೆಯಲ್ಲಿ ತತ್ತಿಯ ಸುದ್ದಿ ಅವನಿಗಿಂತ ಮುಂದೆ ನಡೆಯುತ್ತಿತ್ತು. ಖಾನಾವಳಿಗೆ ಬಾ ಎಂದರೆ ತಲೆಯಾಡಿಸಿ ಒಲ್ಲೆನೆಂದ. ಆಗ ನಾನು ನಿರ್ಧರಿಸಿದೆ, ಗುರುವಾರ ನಾನೂ ಉಣ್ಣುವುದಿಲ್ಲ. ಮುಂದಿನ ಗುರುವಾರ ಚಾಪೆಯ ಮೇಲೆ ಅಂಗಾತ ಮಲಗಿ, ಹೊಟ್ಟೆಯ ಮೇಲೆ ಕೈಯಿಟ್ಟು, ನಿಟ್ಟುಸಿರು ಬಿಟ್ಟೆ. ಅವನು ಓದುತ್ತ ಕೂತಿದ್ದ, ಅವನಿಂದ ಒಂದು ನಿಟ್ಟುಸಿರೂ ಹೊರಡಲಿಲ್ಲ. ನಾನು ಮತ್ತೊಮ್ಮೆ ಬಿಟ್ಟೆ, ತುಸು ಗಟ್ಟಿಯಾಗಿ.

ಪುಸ್ತಕದಿಂದ ತಲೆಯೆತ್ತದೆ ಅವನೆಂದ:

"ಎದ್ದು ಉಂಡು ಬಾ ಹೋಗು. ಉಪಾಸ ಬಿದ್ದದ್ದು ನನಗ. ಅದರಾಗೂ ನನ್ನ ಪಾರ್ಟ್ ನೀ ಮಾಡಬ್ಯಾಡ."