ಹಿಂಬದಿ ಖಾಲಿ ಇದ್ದ ಹಾಳೆ

ಮೊನ್ನೆ ಮೊಮ್ಮಗಳ ಪುಸ್ತಕಕ್ಕೆ ರಟ್ಟು ಹಾಕಲೆಂದು ಮನೆಯಲ್ಲಿ ಮೈದಾಹಿಟ್ಟಿನ ಅಂಟು ಕುದಿಸಿದರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಕುಷ್ಟಗಿಯ ನಮ್ಮ ಕಚೇರಿ ಕಣ್ಣ ಮುಂದೆ ಬಂದು ನಿಂತಿತು. ಅಲ್ಲಿನ ಹೆಡ್ ಕ್ಲರ್ಕ್ ಸಾಹೇಬರು ವಾರಕ್ಕೊಮ್ಮೆ ಇಂಥದ್ದೇ ಅಂಟು ಕುದಿಸಿ, ಹುಳ ಬೀಳದಿರಲೆಂದು ಚಿಟಿಕೆ ಮೈಲುತುತ್ತ ಬೆರೆಸಿ, ಹಳೆಯ ಗಾಜಿನ ಬಾಟಲಿಗೆ ತುಂಬಿಡುತ್ತಿದ್ದರು...

ಎಂಬತ್ತರ ದಶಕದ ನಡುವಿನ ಮಾತು. ನಾನಾಗ ಟಪಾಲು ನೋಡುವ ಹೊಸ ಗುಮಾಸ್ತ. ಬಂದ ಲಕೋಟೆ ಬಿಚ್ಚಿ ಒಳಮೈ ಹೊರಗೆ ಮಾಡಿ ಮತ್ತೆ ಅಂಟಿಸುವುದು, ಗುಂಡುಪಿನ್ನಿನ ಬದಲು ಜಾಲಿಮುಳ್ಳು ಚುಚ್ಚುವುದು, ಒಂದೇ ಬದಿ ಅಚ್ಚಾದ ಸುತ್ತೋಲೆಗಳನ್ನು ದಬ್ಬಣದಿಂದ ಹೊಲಿದು ಕರಡು ಬರೆಯುವ ಕಟ್ಟು ಮಾಡುವುದು, ಎಲ್ಲ ಅವರು ಕಲಿಸಿದ್ದೇ. ಉಳಿದವರು ಜಿಪುಣ ಎಂದು ಆಡಿಕೊಳ್ಳುತ್ತಿದ್ದರು. ನಾನೂ ನಕ್ಕವನೇ. ಗಾಳಿ ಬರುತ್ತದೆಂದು ಕಿಟಕಿ ತೆರೆದು ಫ್ಯಾನ್ ಆರಿಸುತ್ತಿದ್ದರಲ್ಲ, ಕುಷ್ಟಗಿಯ ಬಿಸಿಲಲ್ಲಿ ಅದೊಂದನ್ನು ಮಾತ್ರ ನಾನು ಸಹಿಸಲಿಲ್ಲ.

ಅವರ ಹೆಂಡತಿ ಗಂಗಾವತಿಯ ಶಾಲೆಯಲ್ಲಿ ಶಿಕ್ಷಕಿ. ಇವರು ಕುಷ್ಟಗಿಯ ಬಾಡಿಗೆ ಕೋಣೆಯಲ್ಲಿ ಒಬ್ಬರೇ, ಒಂಬತ್ತು ವರ್ಷದಿಂದ. ಹದಿನೈದು ದಿನಕ್ಕೊಮ್ಮೆ ಬಸ್ಸು ಹತ್ತಿ ಹೋಗಿ ಬರುವುದು, ಗಂಗಾವತಿಗೆ ವರ್ಗ ಕೇಳಿ ವರ್ಷಕ್ಕೊಂದು ಅರ್ಜಿ ಹಾಕುವುದು. ಉತ್ತರ ಬರುತ್ತಿರಲಿಲ್ಲ.

ಊರಿಗೆ ಹೋಗದ ಭಾನುವಾರ ರೇಡಿಯೋ ರಿಪೇರಿ ಅಂಗಡಿಯ ಟಿವಿ ಮುಂದೆ ನಿಲ್ಲುತ್ತಿದ್ದರು. ಯಾವುದೋ ದೇಶದ ಸೈಕಲ್ ಪಂದ್ಯ ತೋರಿಸಿದರಂತೂ ಮುಗಿಯಿತು, ಅಲ್ಲಾಡುತ್ತಿರಲಿಲ್ಲ. ಕಪ್ಪುಬಿಳುಪಿನ ಗುಡ್ಡದ ರಸ್ತೆಯಲ್ಲಿ ಜನ ಬೆನ್ನು ಬಗ್ಗಿಸಿ ತುಳಿಯುತ್ತಲೇ ಇರುತ್ತಿದ್ದರು. ಗೋಲಿಲ್ಲ, ರನ್ನಿಲ್ಲ. ಇದರಲ್ಲೇನಿದೆ ಎಂದು ಒಮ್ಮೆ ಕೇಳಿದೆ.

"ಯಾರು ಮೊದಲು ಮುಟ್ಟತಾರ ಅನ್ನೂದು ನನಗ ಬೇಕಿಲ್ಲ ತಮ್ಮಾ," ಎಂದರು. "ಹೊಂಟಾರಲ್ಲ, ಯಾರೂ ತಡದಿಲ್ಲಲ್ಲ, ಅದನ್ನ ನೋಡಾಕ ಬರ್ತೀನಿ."

ಆ ವರ್ಷ ಮೇಲಧಿಕಾರಿಯ ಕುರ್ಚಿ ಖಾಲಿ ಇತ್ತು. ಟಪಾಲನ್ನು ನಾನಲ್ಲದೆ ಯಾರೂ ನೋಡುತ್ತಿರಲಿಲ್ಲ. ಒಂದು ದಿನ ಸುತ್ತೋಲೆಗಳ ದಪ್ಪ ಕಂತೆ ಬಂತು, ಮೇಲಿನವೆಲ್ಲ ಎರಡೆರಡು ಪ್ರತಿ. ಹೆಚ್ಚಿನ ಪ್ರತಿಗಳೆಂದುಕೊಂಡ ಹಾಳೆಗಳನ್ನೆಲ್ಲ ಓದದೆ ಎಳೆದು ಕರಡಿನ ಕಟ್ಟಿಗೆ ಹೊಲಿದುಬಿಟ್ಟೆ. ಸಾಹೇಬರು ಮೆಚ್ಚಲಿ ಎಂಬ ಆಸೆ ಬೇರೆ.

ಎರಡು ತಿಂಗಳ ಮೇಲೆ ಒಂದು ಮಧ್ಯಾಹ್ನ ಅವರು ಅದೇ ಕಟ್ಟಿನಲ್ಲಿ ಆ ವರ್ಷದ ವರ್ಗದ ಅರ್ಜಿಗೆ ಕರಡು ಬರೆದರು. ಮುಗಿಸಿ, ಹಾಳೆ ಬಿಡಿಸಿಕೊಂಡು, ಸುಮ್ಮನೆ ಮಗುಚಿದರು. ಹಾಗೇ ಕೂತುಬಿಟ್ಟರು. ಹತ್ತಿರ ಹೋಗಿ ನೋಡಿದೆ. ಅದು ಅವರದೇ ವರ್ಗದ ಆದೇಶ. ಗಂಗಾವತಿಗೆ. ಹದಿನೈದು ದಿನದೊಳಗೆ ಹಾಜರಾಗದಿದ್ದರೆ ರದ್ದು ಎಂದು ಕೊನೆಯ ಸಾಲಿನಲ್ಲಿತ್ತು.

ನಾನು ಓದದೆ ಹೊಲಿದ ಹಾಳೆಗಳಲ್ಲಿ ಅದೂ ಸೇರಿಹೋಗಿತ್ತು. ಅವರು ಬೈಯಲಿ ಎಂದು ಕಾದೆ. ಹಾಳೆಯನ್ನು ಮತ್ತೆ ಮಗುಚಿ, ತಮ್ಮ ಕರಡನ್ನು ಇನ್ನೊಮ್ಮೆ ಓದಿ ನನ್ನ ಕೈಗಿಟ್ಟರು.

"ಇದನ್ನ ಛಲೋ ಅಕ್ಷರದಾಗ ಬರದು ಕೊಡು. ಮೊದಲಿನ ಆರ್ಡರ್ ಬಂದಿತ್ತಂತ ಯಾರ ಮುಂದನೂ ಅನಬ್ಯಾಡ. ನಿನ್ನ ನೌಕರಿ ಇನ್ನೂ ಹೊಸಾದೈತಿ."

ಬರೆದುಕೊಟ್ಟೆ. ಗಂಗಾವತಿಯ ಆ ಜಾಗಕ್ಕೆ ಅಷ್ಟರಲ್ಲಿ ಬೇರೆಯವರು ಬಂದಾಗಿತ್ತು. ಆಮೇಲೆ ನಾಲ್ಕು ವರ್ಷ ನಾವಿಬ್ಬರೂ ಎದುರುಬದುರು ಮೇಜಿನಲ್ಲಿ ಕೂತೆವು. ತಲೆ ಎತ್ತಿದರೆ ಅವರ ಮುಖ, ತಗ್ಗಿಸಿದರೆ ಅದೇ ಕರಡಿನ ಕಟ್ಟು... ಆ ಮಾತನ್ನು ಅವರು ಮತ್ತೆ ಎತ್ತಲಿಲ್ಲ. ಎತ್ತಿದ್ದರೆ ಒಮ್ಮೆ ಅತ್ತಾದರೂ ಬಿಡುತ್ತಿದ್ದೆ.

ಕೊನೆಗೆ ವರ್ಗವಾದದ್ದು ನನಗೆ, ಕೇಳದೆಯೇ, ಗಂಗಾವತಿಗೆ. ನನ್ನನ್ನು ಬಿಡುಗಡೆ ಮಾಡುವ ಕಾಗದವನ್ನು ಅವರೇ ಬರೆದುಕೊಟ್ಟರು.

ಇಲ್ಲಿ ಗಂಗಾವತಿಯಲ್ಲೇ ನೆಲೆ ನಿಂತೆ. ಸಾಹೇಬರು ತೀರಿಹೋಗಿ ಎಷ್ಟೋ ವರ್ಷವಾಯಿತು. ಕ್ಷಮೆ ಕೇಳುವ ಕೆಲಸ ನನ್ನಿಂದ ಆಗಲೇ ಇಲ್ಲ. ಕಳೆದ ತಿಂಗಳು ಬಜಾರಿನಲ್ಲಿ ಅವರ ಹೆಂಡತಿ ಸಿಕ್ಕರು. ಕಣ್ಣು ಮಂಜಾಗಿದ್ದರೂ ದನಿಯಿಂದಲೇ ನನ್ನನ್ನು ಗುರುತಿಸಿ, ಮನೆಮಂದಿಯನ್ನೆಲ್ಲ ವಿಚಾರಿಸಿದರು. ರಿಟೈರಾಗಿ ಬಂದ ಸಾಹೇಬರು ಎಂಟೇ ತಿಂಗಳು ಜೊತೆಗಿದ್ದರಂತೆ.

"ಅಷ್ಟು ವರ್ಷ ಅರ್ಜಿ ಹಾಕಿದ್ರು. ಸರ್ಕಾರದವರು ಒಂದಾದ್ರೂ ಆರ್ಡರ್ ಕಳಸಲಿಲ್ಲ ನೋಡ್ರಿ," ಎಂದರು.

"ಹೌದ್ರಿ ಅಕ್ಕಾರ, ಕಳಸಲಿಲ್ಲ," ಎಂದೆ.