ಕಿಟಕಿ ಕೆಳಗಿನ ಫರ್ಸಿಕಲ್ಲು

ಫಿನಾಯಿಲ್ ವಾಸನೆ ಮೂಗಿಗೆ ಬಡಿದರೆ ಇಂದಿಗೂ ನನಗೆ ನೆಲದ ಮೇಲೆ ಕೂರಲು ಆಗುವುದಿಲ್ಲ. ಮೊನ್ನೆ ಅಥಣಿಯಲ್ಲಿ ಮಗಳ ಶಾಲೆಯ ಪಾಲಕರ ಸಭೆಯಲ್ಲೂ ಎಲ್ಲರೂ ಜಮಖಾನೆಯ ಮೇಲೆ ಕುಳಿತರು, ನಾನು ಹಿಂದೆ ನಿಂತೇ ಇದ್ದೆ. ಗೋಡೆಯ ಮೇಲೆ ನಗುವ, ಅಳುವ ಮುಖಗಳ ಚಿತ್ರಗಳಿದ್ದವು. ಬೆಳಿಗ್ಗೆ ಬಂದ ಮಗು ತನ್ನ ಮನಸ್ಸು ಹೇಗಿದೆಯೋ ಆ ಮುಖವನ್ನು ಮುಟ್ಟಬೇಕಂತೆ. ಹೊಟ್ಟೆಕಿಚ್ಚಾಯಿತು, ಸುಳ್ಳೇಕೆ ಹೇಳಲಿ.

ನಮ್ಮ ಮನೆ ಸತ್ತಿ ಎಂಬ ಊರಿನಲ್ಲಿ, ಕೃಷ್ಣೆಯ ದಂಡೆಗಿತ್ತು. ಸೆಗಣಿ ಸಾರಿಸಿದ ಪಡಸಾಲೆಯಲ್ಲಿ ಕುಳಿತು, ಬಿಸಿ ರೊಟ್ಟಿಯ ಮೇಲಿನ ತೆಳು ಪದರು ಕಿತ್ತು ನನ್ನ ಬಾಯಿಗಿಡುತ್ತಿದ್ದವಳು ಆಯಿ, ಅಪ್ಪನ ತಾಯಿ. ನಾನು ಶಾಲೆಯಲ್ಲಿ ಎರಡನೆಯ ಇಯತ್ತೆಯಲ್ಲಿದ್ದಾಗ ಹೊಳೆ ಉಕ್ಕಿತು. ಮಣ್ಣಿನ ಮನೆ ಕಳೆದುಕೊಂಡವರಿಗೆ ಗೊತ್ತು, ಅದು ಬೀಳುವುದಿಲ್ಲ, ಕರಗುತ್ತದೆ. ನಮ್ಮನ್ನೆಲ್ಲ ಎತ್ತರದಲ್ಲಿದ್ದ ಶಾಲೆಗೆ ಸಾಗಿಸಿದರು. ನಮಗೆ ಸಿಕ್ಕಿದ್ದು ನನ್ನದೇ ವರ್ಗದ ಕೋಣೆ. ಕಿಟಕಿ ಕೆಳಗೆ ನೆಲಕ್ಕೆ ಹಾಸಿದ ಫರ್ಸಿಕಲ್ಲು ತೋರಿಸಿ, ಇದು ನಾನು ಕೂರುವ ಜಾಗ ಎಂದು ಹೆಮ್ಮೆಯಿಂದ ಹೇಳಿದ್ದೆ. ಆಯಿ ಅಲ್ಲೇ ಕೌದಿ ಹಾಸಿಕೊಂಡಳು. "ಹೊಳಿ ಇಳೀಲಿ, ಮನೀಗೆ ಹೋಗೂಣು" ಎನ್ನುತ್ತಲೇ ಇದ್ದಳು. ಹೊಳೆ ಇಳಿಯುವ ಮೊದಲೇ, ಜ್ವರದಲ್ಲಿ, ನನ್ನ ಕೈ ಹಿಡಿದುಕೊಂಡೇ ಹೋಗಿಬಿಟ್ಟಳು.

ಹೊಳೆ ಇಳಿದ ಮೇಲೆ ನಾವು ತಗಡಿನ ಶೆಡ್ಡಿಗೆ ಹೋದೆವು. ಕೋಣೆಯನ್ನು ಫಿನಾಯಿಲ್ ಹಾಕಿ ತೊಳೆದು ಶಾಲೆ ಶುರು ಮಾಡಿದರು. ನಾನು ಆ ಕಲ್ಲಿನ ಮೇಲೆ ಕೂರಲಿಲ್ಲ. ನಮಗೆ ಕಲಿಸುತ್ತಿದ್ದ ಅಕ್ಕೋರು ನೆರೆಯ ದಿನಗಳಲ್ಲಿ ತಮ್ಮ ಊರಿನಲ್ಲಿದ್ದರು. ಅವರಿಗೆ ಏನೂ ಗೊತ್ತಿರಲಿಲ್ಲ, ಕೇಳಲೂ ಇಲ್ಲ. "ಊರಿಗೊಂದ ದಾರಿ ಆದ್ರ ಪೋರಿಗೊಂದ ದಾರಿ. ನಿಂತ ಇರು" ಎಂದು ಶಿಕ್ಷೆ ಕೊಟ್ಟರು. ನನಗೆ ಬೇಕಾದದ್ದೂ ಅದೇ. ಕೆಲವು ದಿನ ಹೀಗೇ ನಡೆದು, ಕೊನೆಗೊಮ್ಮೆ ಅವರಿಗೆ ಸಿಟ್ಟು ನೆತ್ತಿಗೇರಿತು.

"ಕುಂಡ್ರಾಕ ಏನ್ ಧಾಡಿ ನಿನಗ? ಅಲ್ಲೇನ್ ಯಾರರ ಸತ್ತಾರೇನು?"

"ಹೌದ್ರಿ. ನಮ್ಮ ಆಯಿ."

ಎಲ್ಲ ಮಕ್ಕಳೂ ನೆರೆಯಲ್ಲಿ ಅದೇ ಶಾಲೆಯಲ್ಲಿ ಮಲಗಿ ಎದ್ದವರು, ಅವರಿಗೆ ಗೊತ್ತಿತ್ತು. ಪಕ್ಕದ ಮಹಾದೇವಿ ಮೆಲ್ಲಗೆ ಅತ್ತ ಸರಿದಳು. ಅವಳಾಚೆಯವರೂ ಸರಿದರು. ಆ ಒಂದು ಕಲ್ಲನ್ನು ಖಾಲಿ ಬಿಟ್ಟು ನನಗೆ ಜಾಗ ಮಾಡಿದರು. ನಾನು ಕುಳಿತೆ. ಅಕ್ಕೋರ ಮುಖ ಒಂದು ಗಳಿಗೆ ಮೆತ್ತಗಾದಂತೆ ಕಂಡಿತು. ಆಮೇಲೆ ಅವರು ಕೋಲಿನಿಂದ ಆ ಕಲ್ಲನ್ನು ಕುಟ್ಟಿದರು. "ನಡುವ ಜಾಗಾ ಬಿಡಬ್ಯಾಡ್ರಿ, ಸಾಲು ಸೊಟ್ಟ ಆಗತೈತಿ. ಸರದ ಕುಂಡ್ರ ಬೇ."

ಮನೆ ಒಯ್ದ ಹೊಳೆಯ ಮೇಲೆ ನನಗೀಗ ಸಿಟ್ಟಿಲ್ಲ, ಅದಕ್ಕೇನು ತಿಳಿಯುತ್ತದೆ. ಅಕ್ಕೋರನ್ನು ಮಾತ್ರ ಕ್ಷಮಿಸಲು ಆಗಿಲ್ಲ. ಆ ವರ್ಷವಿಡೀ ನಾನು ಆಯಿಯ ಮೇಲೆ ಕುಳಿತು ಮಗ್ಗಿ ಕಲಿತೆ.